ಚೆಂಡನ್ನು ಹಿಂದಕ್ಕೆ ಕೇಳುವ ಕೈ

ಸೋತ ತಂಡದ ಮುಖಂಡನಿಗೆ ಬುದ್ಧಿ ಹೇಳುವವರಿಗೆ ಯಾವ ಕಾಲದಲ್ಲಿಯೂ ಬರವಿಲ್ಲ. ಆಟ ಮುಗಿದು, ಫಲ ತಿಳಿದು, ಎಲೆ ಅಡಿಕೆ ಹಾಕಿಕೊಂಡು ಕುಳಿತ ಮೇಲೆ ನಮ್ಮಲ್ಲಿ ಪ್ರತಿಯೊಬ್ಬನೂ ಮಹಾ ಸೇನಾನಿಯೇ. ಅನ್ಯರನ್ನು ಹಳಿಯುವುದಕ್ಕೆಂದು ಈ ಮಾತನ್ನು ಬರೆಯುತ್ತಿಲ್ಲ. ಆ ಸೇನಾನಿಗಳ ಸಾಲಿನಲ್ಲಿ ಈ ಲೇಖಕನೂ ಒಬ್ಬನೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ನನಗೆ ಬೇಸ್‌ಬಾಲ್ ಎಂಬ ಅಮೆರಿಕದ ಆಟದ ಹುಚ್ಚು ಅಂಟಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಅಂಟಿಸಿದವರು ನಮ್ಮ ಅಳಿಯಂದಿರು. ೨೦೦೩ನೆಯ ಇಸವಿಯಲ್ಲಿ ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಬಾಸ್ಟನ್ ನಗರದ ಹೊರವಲಯದಲ್ಲಿ ಕೆಲವು ತಿಂಗಳು ಇದ್ದೆವು. ಬಾಣಂತನದ ಮನೆಯಲ್ಲಿ ಗಂಡಸಿಗೆ ಮಾಡುವ ಕೆಲಸವೇನಿದೆ? ಅಡಿಗೆಮನೆಯಿಂದಲೂ ಕೋಣೆಯಿಂದಲೂ ಉಚ್ಚಾಟಿತನಾದ ನಾನು ಟೆಲಿವಿಷನ್ನಿನ ಮುಂದೆ ಆಶ್ರಯ ಪಡೆದೆ. "ಮಾವ, ಕ್ರಿಕೆಟ್ಟನ್ನು ಚಪ್ಪಲಿಯ ಜೊತೆಗೆ ಬಾಗಿಲಲ್ಲಿಯೇ ಬಿಟ್ಟು ಬನ್ನಿ" ಎಂದು ಹೇಳಿ ಅಳಿಯಂದಿರು ಪಾಠವನ್ನು ಪ್ರಾರಂಭಿಸಿದರು.

ವಾಚಕರೊಬ್ಬರು ಪತ್ರ ಬರೆದು ಕೇಳಿದ್ದಾರೆ: "ತಾನೂ ಆಡದೆ, ಓಡದೆ, ಬೆಂಚಿನ ಮೇಲೆ ಕುಳಿತಿರುವ ಆ ಮ್ಯಾನೇಜರ್ ಎಂಬಾತನಿಗೆ ಇಷ್ಟೊಂದು ಮಹತ್ವವೇಕೆ?" ಒಳ್ಳೆಯ ಪ್ರಶ್ನೆ. ಆಡದಿದ್ದರೂ ಆತ ಆಟಗಾರರ ಸಮವಸ್ತ್ರವನ್ನೇ ತೊಟ್ಟು ಕುಳಿತಿರುತ್ತಾನೆಂಬುದು ಇನ್ನೊಂದು ವಿನೋದ. ಹೊಟ್ಟೆ ಬಂದ ಹಿರಿಯರು ಹುಡುಗರ ಉಡುಪಿನಲ್ಲಿ ಕಾಣುವ ದೃಶ್ಯ ನನ್ನ ಪತ್ನಿಗೆ ಎಂದೂ ಒಗ್ಗಲಿಲ್ಲ. ಉತ್ತರವನ್ನು ಹೇಳಬೇಕಾದರೆ ಮೊದಲು ದಾಂಡಿಗನ ಸಂಗತಿಯಿಂದ ಹೊರಡಬೇಕು.

ಪಿಚರ್ ಅರವತ್ತು ಅಡಿ ಆರು ಅಂಗುಲಗಳ ದೂರದಿಂದ ಚೆಂಡನ್ನೆಸೆಯುತ್ತಾನೆ. ದಾಂಡಿಗನ ಮಂಡಿಯಿಂದ ಎದೆಯವರೆಗೆ, ನೆಲದ ಮೇಲಿರುವ ಬಿಳಿಯ ಫಲಕದಷ್ಟು ಅಗಲಕ್ಕೆ, ಗಾಳಿಯಲ್ಲಿ ಒಂದು ಕಿಟಕಿಯುಂಟೆಂದು ಭಾವಿಸಿ. ಕಿಟಕಿಯೊಳಗೆ ಹಾದ ಚೆಂಡನ್ನು ಹೊಡೆಯದೆ ಬಿಟ್ಟರೆ, ಇಲ್ಲವೆ ಎಲ್ಲಿಯದನ್ನಾದರೂ ಹೊಡೆಯಹೋಗಿ ತಪ್ಪಿದರೆ, ಅದು ಸ್ಟ್ರೈಕು. ಮೂರಾದರೆ ದಾಂಡಿಗ ಔಟು. ಕಿಟಕಿಯ ಹೊರಗೆ ಹೋದದ್ದನ್ನು ಮುಟ್ಟದೆ ಬಿಟ್ಟರೆ ಅದು ಬಾಲು. ನಾಲ್ಕಾದರೆ ಮೊದಲನೆಯ ಬೇಸು ಬಿಟ್ಟಿಯಾಗಿ ಸಿಗುತ್ತದೆ. ನಮ್ಮ ಕ್ರಿಕೆಟ್ಟಿನಲ್ಲಿ ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡುತ್ತ ಒಂದು ಗಂಟೆ ನಿಂತರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಇಲ್ಲಿ ಹಾಗಲ್ಲ. ಬಿಡುವುದೂ ಒಂದು ಪಣವೇ. ಅದನ್ನು ಅರ್ಧ ಸೆಕೆಂಡಿಗೂ ಕಡಮೆ ಅವಧಿಯಲ್ಲಿ ಕಟ್ಟಬೇಕು.

ಈ ವಿದ್ಯೆಯ ಆಚಾರ್ಯ ಬಾಸ್ಟನ್ನಿನ ಟೆಡ್ ವಿಲಿಯಮ್ಸ್. ಹೊಡೆಯುವ ಶಾಸ್ತ್ರವನ್ನು ಕುರಿತು ಆತ ೧೯೭೧ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಕಿಟಕಿಯ ಚಿತ್ರವಿದೆ. ಅಡ್ಡಕ್ಕೆ ಏಳು, ಉದ್ದಕ್ಕೆ ಹನ್ನೊಂದು, ಒಟ್ಟು ೭೭ ಚೆಂಡುಗಳನ್ನು ಅದರಲ್ಲಿ ಜೋಡಿಸಿ, ಯಾವ ಸ್ಥಾನದ ಚೆಂಡನ್ನು ಹೊಡೆದರೆ ತನಗೆ ದೊರೆಯುವ ಸರಾಸರಿ ಎಷ್ಟೆಂದು ಒಂದೊಂದರ ಮೇಲೂ ಬರೆದಿದ್ದಾನೆ. ನಡುವಿನ ಸುಖಸ್ಥಾನದಲ್ಲಿ ಸಾವಿರಕ್ಕೆ ೪೦೦. ಹೊರಗಿನ ಕೆಳಮೂಲೆಯಲ್ಲಿ ೨೩೦. ಒಬ್ಬನೇ ಮನುಷ್ಯ, ಒಂದೇ ದಾಂಡು, ಒಂದೇ ತೋಳು. ಚೆಂಡಿನ ಆಯ್ಕೆಯಲ್ಲಿಯೇ ಅರಸನೂ ಆಳೂ ಬೇರೆಯಾಗುತ್ತಾರೆ. ಎರಡು ಸ್ಟ್ರೈಕುಗಳಾಗುವವರೆಗೆ ತನ್ನ ಚೆಂಡಿಗಾಗಿ ಕಾಯಬೇಕು. ಆದ ಮೇಲೆ ಹಠವನ್ನು ಬಿಟ್ಟು, ದಾಂಡನ್ನು ಸ್ವಲ್ಪ ಮೇಲಕ್ಕೆ ಹಿಡಿದು, ಚುರುಕಾಗಿ ತಾಗಿಸಬೇಕೆಂಬುದು ಆತನ ಉಪದೇಶ. ಇಂದಿನ ದಾಂಡಿಗರಲ್ಲಿ ಬಹಳ ಮಂದಿ ಎರಡನೆಯ ಭಾಗವನ್ನು ಮರೆತಿದ್ದಾರೆ. ೨೦೧೮ರಲ್ಲಿ, ಈ ಲೀಗುಗಳ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ, ಇಡೀ ಋತುವಿನ ಹಿಟ್ಟುಗಳಿಗಿಂತ ಸ್ಟ್ರೈಕ್ ಔಟುಗಳೇ ಹೆಚ್ಚಾದುವು. ಎಲ್ಲರಿಗೂ ಹೋಮ್ ರನ್ನೇ ಬೇಕು. ತಾಗಿಸಿ ಓಡುವುದು ಯಾರಿಗೂ ಬೇಡ.

ಆಚಾರ್ಯನೂ ಹಠದಿಂದ ಮುಕ್ತನಾಗಿರಲಿಲ್ಲವೆನ್ನಿ. ೧೯೪೬ರಲ್ಲಿ ಕ್ಲೀವ್‌ಲೆಂಡ್ ತಂಡದ ಆಟಗಾರನೂ ಮ್ಯಾನೇಜರನೂ ಆಗಿದ್ದ ಲೂ ಬೂಡ್ರೋ, ವಿಲಿಯಮ್ಸ್ ಸದಾ ಬಲಭಾಗಕ್ಕೇ ಹೊಡೆಯುವುದನ್ನು ಕಂಡು, ತನ್ನ ಫೀಲ್ಡುದಾರರನ್ನೆಲ್ಲ ಅತ್ತಲೇ ಸರಿಸಿ ಎಡಭಾಗವನ್ನು ಬಹುಮಟ್ಟಿಗೆ ಬಯಲಾಗಿಸಿಬಿಟ್ಟ. ಎಡಕ್ಕೆ ಮೆಲ್ಲನೆ ತಳ್ಳಿದ್ದರೆ ಸಾಕಾಗಿತ್ತು. ವಿಲಿಯಮ್ಸ್ ಬಹುತೇಕ ಬಲಕ್ಕೇ ಹೊಡೆಯುತ್ತ ಹೋದ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ, ಅದೇ ಕ್ಲೀವ್‌ಲೆಂಡಿನ ಮುಂದೆ, ಬಯಲಾದ ಎಡಭಾಗಕ್ಕೆ ಹೊಡೆದು, ಚೆಂಡು ಮೈದಾನದೊಳಗೇ ಉರುಳುತ್ತಿರುವಾಗ ನಾಲ್ಕು ಬೇಸನ್ನೂ ಓಡಿ ಮುಗಿಸಿದ. ಆ ಒಂದು ಓಟದಿಂದಲೇ ಬಾಸ್ಟನ್ನು ಲೀಗಿನ ಪತಾಕೆಯನ್ನು ಗೆದ್ದಿತು.

ಇಷ್ಟನ್ನೆಲ್ಲ ಹೇಳಿದ್ದೇಕೆಂದರೆ, ದಾಂಡಿಗನ ತಾಳ್ಮೆಯೇ ಎದುರು ತಂಡದ ಮ್ಯಾನೇಜರನಿಗೆ ತಲೆನೋವಾಗಿ ಪರಿಣಮಿಸುತ್ತದೆ. ಬಿಟ್ಟ ಒಂದೊಂದು ಚೆಂಡೂ ಪಿಚರನ ತೋಳಿನಿಂದ ಒಂದೊಂದು ಎಸೆತವನ್ನು ವಸೂಲು ಮಾಡುತ್ತದೆ. ಒಂಬತ್ತು ದಾಂಡಿಗರು ಸರದಿಯಂತೆ ಬರುತ್ತಾರಷ್ಟೆ. ಎರಡು ಸುತ್ತು ಮುಗಿದು ಮೂರನೆಯ ಸುತ್ತಿಗೆ ಬರುವ ವೇಳೆಗೆ ಪಿಚರನ ತೋಳು ಸೋತಿರುತ್ತದೆ, ಆತನ ಗುಟ್ಟುಗಳೆಲ್ಲ ಇವರಿಗೆ ಕರತಲಾಮಲಕವಾಗಿರುತ್ತವೆ. ಆಗ ಮ್ಯಾನೇಜರ್ ಬೆಂಚಿನಿಂದೆದ್ದು, ಮೈದಾನದ ನಡುವಿನ ದಿಬ್ಬದವರೆಗೆ ನಡೆದುಹೋಗಿ, ಕೈ ಚಾಚುತ್ತಾನೆ. ಚೆಂಡನ್ನು ಕೊಟ್ಟು ನಡೆ ಎಂದು ಅರ್ಥ. ಹಾಗೆ ಹೊರಗೆ ಹೋದ ಪಿಚರ್ ಆ ದಿನ ಮತ್ತೆ ಎಸೆಯಲು ಬರುವಂತಿಲ್ಲ. ಕ್ರಿಕೆಟ್ಟಿನ ನಾಯಕ ಬೌಲರನನ್ನು ಎರಡು ಓವರು ಬಿಡಿಸಿ ಮತ್ತೆ ಕರೆಯಬಹುದು; ಇಲ್ಲಿ ಆಡಿದ ಮಾತು, ಒಡೆದ ಮುತ್ತು. ಪತ್ರ ಬರೆದವರ ಪ್ರಶ್ನೆಗೆ ಇದೇ ಉತ್ತರ.

ಈಗ ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ.

೨೦೦೩ರ ಅಕ್ಟೋಬರ್ ೧೬ರ ರಾತ್ರಿ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಬಾಸ್ಟನ್ ರೆಡ್ ಸಾಕ್ಸಿಗೂ ಯಾಂಕೀಸಿಗೂ ಸರಣಿಯ ಏಳನೆಯ, ಕಡೆಯ ಆಟ. ೧೯೧೮ರಿಂದ ವಿಶ್ವ ಸರಣಿಯ ಮುಖವನ್ನು ಗೆಲವಿನಿಂದ ಕಾಣದ ಊರು ಬಾಸ್ಟನ್ನು. ಬೀದಿಯಲ್ಲಿ ಒಂದು ಮನೆಯ ದೀಪವೂ ಆರಿರಲಿಲ್ಲ. ಏಳು ಇನ್ನಿಂಗ್ಸ್ ಮುಗಿಯುವಾಗ ಪೆಡ್ರೊ ಮಾರ್ಟಿನೆಝ್ ನೂರು ಎಸೆತಗಳನ್ನು ಎಸೆದಾಗಿತ್ತು. ಎಂಟನೆಯದರಲ್ಲಿ ಬಾಸ್ಟನ್ನು ೫–೨ರಿಂದ ಮುಂದಿತ್ತು. ನೂರು ದಾಟಿದ ಮೇಲೆ ಪೆಡ್ರೊ ಹಳೆಯ ಪೆಡ್ರೊ ಅಲ್ಲವೆಂಬುದು ಆ ಋತುವನ್ನು ನೋಡಿದವರಿಗೆಲ್ಲ ತಿಳಿದಿತ್ತು. ಮೂರು ತಿಂಗಳ ವಿದ್ಯಾರ್ಥಿಯಾದ ನನಗೂ ತಿಳಿದಿತ್ತು. ಜೀಟರ್ ಎರಡು ಬೇಸು ಹೊಡೆದ. ಬರ್ನಿ ವಿಲಿಯಮ್ಸ್ ಒಂದು ಹೊಡೆದ, ೫–೩. ಮ್ಯಾನೇಜರ್ ಗ್ರೇಡಿ ಲಿಟಲ್ ದಿಬ್ಬಕ್ಕೆ ನಡೆದುಬಂದರು. ಮುಂದಿನ ದಾಂಡಿಗ ಮತ್ಸುಯಿ ಎಡಗೈಯವನು. ಅವನಿಗೆಂದೇ ಎಡಗೈ ಪಿಚರ್ ಎಂಬ್ರೀ ತೋಳನ್ನು ಬಿಸಿಮಾಡಿಕೊಂಡು ಸಿದ್ಧನಾಗಿದ್ದ. ಲಿಟಲ್ ಕೈ ಚಾಚಲಿಲ್ಲ. ಇನ್ನೂ ಎಸೆಯಬಲ್ಲೆಯಾ ಎಂದು ಪೆಡ್ರೊನನ್ನೇ ಕೇಳಿದರು, ಎಸೆಯಬಲ್ಲೆನೆಂದು ಪೆಡ್ರೊ ಹೇಳಿದ, ಅವರು ಹಿಂದಿರುಗಿದರು. ಮತ್ಸುಯಿ ಎರಡು ಬೇಸು, ಪೊಸಾಡ ಎರಡು ಬೇಸು, ೫–೫. ಎರಡು ಸ್ಟ್ರೈಕುಗಳಾದ ಮೇಲೆಯೇ ನಾಲ್ವರೂ ಹೊಡೆದದ್ದು. ಆಚಾರ್ಯನ ಉಪದೇಶ ಬಾಸ್ಟನ್ನಿನ ಶತ್ರುಗಳಿಗೆ ಚೆನ್ನಾಗಿ ನೆನಪಿತ್ತು. ಹನ್ನೊಂದನೆಯ ಇನ್ನಿಂಗ್ಸಿನಲ್ಲಿ ಏರನ್ ಬೂನ್ ಹೊಡೆದ ಹೋಮ್ ರನ್ನಿನಿಂದ ಆಟ ಮುಗಿಯಿತು. (ಆ ಬೂನ್ ಅವರೇ ೨೦೧೮ರಲ್ಲಿ ಯಾಂಕೀಸಿನ ಮ್ಯಾನೇಜರರಾಗಿ, ಪಿಚರುಗಳ ಮುಂದೆ ಕೈ ಚಾಚುವ ಕಷ್ಟವನ್ನು ತಾವೇ ಅನುಭವಿಸಿದರು.) ನಡುರಾತ್ರಿ ಕಳೆದಿತ್ತು. "ತೆಗೆಯಬೇಕಾಗಿತ್ತು, ಮೂರ್ಖ, ತೆಗೆಯಬೇಕಾಗಿತ್ತು!" ಎಂದು ನಾನು ಕೂಗಿದ ಕೂಗಿಗೆ ಒಳಗೆ ಕೂಸು ಎದ್ದು ಅತ್ತಿತು; ಅದರ ಅಜ್ಜಿ ಬಂದು ನನ್ನನ್ನು ನೋಡಿದ ನೋಟವನ್ನು ಬಣ್ಣಿಸಲಾರೆ. ಲಿಟಲ್ ಅವರ ಕರಾರನ್ನು ತಂಡದವರು ಮುಂದುವರಿಸಲಿಲ್ಲ.

ಹದಿನೇಳು ವರ್ಷಗಳು ಕಳೆದುವು. ೨೦೨೦ರ ಅಕ್ಟೋಬರ್ ೨೭. ನಮಗೆ ೨೮ರ ಬೆಳಗು, ಕಾಫಿಯ ಹೊತ್ತು. ವಿಶ್ವ ಸರಣಿಯ ಆರನೆಯ ಆಟದಲ್ಲಿ ಫ್ಲಾರಿಡಾದ ಟಾಂಪಾ ಬೇ ರೇಸ್ ತಂಡ ಲಾಸ್ ಏಂಜಲೀಸಿನ ಡಾಜರ್ಸ್ ಮೇಲೆ ೧–೦ರಿಂದ ಮುಂದಿದೆ. ಸೋತರೆ ಸರಣಿಯೇ ಹೋಯಿತು. ಪಿಚರ್ ಬ್ಲೇಕ್ ಸ್ನೆಲ್ ಅಂದು ಪ್ರಳಯಭೈರವನಾಗಿದ್ದ. ಡಾಜರ್ಸಿನ ಮೊದಲ ಮೂವರು ದಾಂಡಿಗರನ್ನು ಎರಡೆರಡು ಬಾರಿ ಎದುರಿಸಿ, ಆರು ಬಾರಿಯೂ ಮೂರು ಸ್ಟ್ರೈಕುಗಳಲ್ಲಿ ಕಳುಹಿಸಿದ್ದ. ಆರನೆಯ ಇನ್ನಿಂಗ್ಸಿನಲ್ಲಿ ಬಾರ್ನ್ಸ್ ಎಂಬುವನು ಒಂದು ಹಿಟ್ಟು ಹೊಡೆದ. ಆಟದಲ್ಲಿ ಅದು ಎರಡನೆಯ ಹಿಟ್ಟು ಮಾತ್ರ. ಎಸೆತಗಳು ಬರಿಯ ೭೩. ಮ್ಯಾನೇಜರ್ ಕೆವಿನ್ ಕ್ಯಾಷ್ ನಡೆದುಬಂದು ಕೈ ಚಾಚಿದರು. ನಾನು ಲೋಟವನ್ನು ಕೆಳಗಿಟ್ಟೆ. ನಿಕ್ ಆಂಡರ್ಸನ್ ಬಂದ; ಮೂಕಿ ಬೆಟ್ಸ್ ಎರಡು ಬೇಸು ಹೊಡೆದ; ಹಿಡಿಯಲಾಗದೆ ಹೋದ ಒಂದು ಎಸೆತದಿಂದ ಒಂದು ಓಟ, ನೆಲಕ್ಕುರುಳಿದ ಒಂದು ಹೊಡೆತದಿಂದ ಇನ್ನೊಂದು. ೩–೧ರಿಂದ ಡಾಜರ್ಸ್ ಗೆದ್ದು, ೧೯೮೮ರ ಅನಂತರ ಮೊದಲ ಬಾರಿಗೆ ವಿಶ್ವ ಸರಣಿಯನ್ನು ಪಡೆದರು.

ಕೂಡಲೇ ಅಳಿಯಂದಿರಿಗೆ ಟೆಲಿಫೋನು ಮಾಡಿ, "ತೆಗೆಯಬಾರದಾಗಿತ್ತು! ಮನುಷ್ಯನನ್ನು ನೋಡದೆ ಕಾಗದವನ್ನು ನೋಡುವ ಮೂರ್ಖ!" ಎಂದು ಗುಡುಗಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ ಅಳಿಯಂದಿರು ಬಹಳ ಸೌಜನ್ಯದಿಂದ ಹೇಳಿದರು: "ಮಾವ, ಅಂದು ತೆಗೆಯದವನು ಮೂರ್ಖ ಅಂದಿರಿ, ಇಂದು ತೆಗೆದವನು ಮೂರ್ಖ ಅಂತೀರಿ. ಹತ್ತು ದಿನದ ಹಿಂದೆ ಹ್ಯೂಸ್ಟನ್ನಿನ ಮೇಲೆ ಏಳನೆಯ ಆಟದಲ್ಲಿ ಇದೇ ಕ್ಯಾಷ್ ಚಾರ್ಲಿ ಮಾರ್ಟನ್ನನನ್ನ ೬೬ ಎಸೆತಕ್ಕೇ ತೆಗೆದರು. ಅವನೂ ಎರಡೇ ಹಿಟ್ಟು ಕೊಟ್ಟಿದ್ದ, ಒಂದು ಓಟಾನೂ ಕೊಟ್ಟಿರಲಿಲ್ಲ. ಆಗಲೂ ಬಂದವನು ಇದೇ ಆಂಡರ್ಸನ್ನೇ. ಗೆದ್ದರು. ಅವತ್ತು ನೀವು ಟೆಲಿಫೋನು ಮಾಡಲಿಲ್ಲವಲ್ಲ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಲೈನು ಸರಿಯಿಲ್ಲವೆಂದು ಹೇಳಿ ಕೆಳಗಿಟ್ಟೆ.

ಅಂದು ಮಧ್ಯಾಹ್ನ ನಿದ್ರೆ ಬರಲಿಲ್ಲ. ಫಲವನ್ನು ಪಕ್ಕಕ್ಕಿಟ್ಟು, ಕೈ ಚಾಚುವ ಕ್ಷಣದಲ್ಲಿ ಆ ಇಬ್ಬರಿಗೆ ತಿಳಿದಿದ್ದುದೇನೆಂಬುದನ್ನು ಮಾತ್ರ ತೂಗಿ ನೋಡಿದೆ. ಲಿಟಲ್ ಅವರ ವಿಷಯದಲ್ಲಿ ನನ್ನ ತೀರ್ಪು ಬದಲಾಗಲಿಲ್ಲ. ಪೆಡ್ರೊ ಆ ಇಬ್ಬರನ್ನು ಔಟು ಮಾಡಿದ್ದರೂ ಅದು ತಪ್ಪು ನಿರ್ಧಾರವೇ ಆಗಿರುತ್ತಿತ್ತು. ಏಕೆಂದರೆ ಸೋತ ತೋಳೂ ಸಿದ್ಧವಾದ ತೋಳೂ ಎರಡೂ ಅವರ ಕಣ್ಣ ಮುಂದೆಯೇ ಇದ್ದುವು. ಕ್ಯಾಷ್ ಅವರ ವಿಷಯ ಅಷ್ಟು ಸುಲಭವಲ್ಲ. ಸ್ನೆಲ್ ಆ ವರ್ಷ ಒಂದು ಆಟದಲ್ಲಿಯೂ ಆರು ಇನ್ನಿಂಗ್ಸ್ ಪೂರೈಸಿರಲಿಲ್ಲ. ಮೂರನೆಯ ಸುತ್ತಿನ ಭಯ ಕಲ್ಪಿತವಲ್ಲ. ಹಣದಲ್ಲಿ ಬಡವಾದ ಆ ತಂಡ ವಿಶ್ವ ಸರಣಿಯವರೆಗೆ ಬಂದದ್ದೇ ಈ ಬಗೆಯ ಲೆಕ್ಕಾಚಾರದಿಂದ. ಅದೇ ವರ್ಷ ಆ ಲೀಗಿನ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಸಂದದ್ದೂ ಅವರಿಗೇ. ಆದುದರಿಂದ ಮೂರ್ಖನೆಂದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಆಂಡರ್ಸನ್ ಋತುವಿನಲ್ಲೆಲ್ಲ ವಜ್ರದಂತಿದ್ದರೂ ಆ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ಓಟ ಕೊಡುತ್ತಿದ್ದ. ಅಂಕಿಗಳನ್ನು ನಂಬುವವರು ಹೊರಗೆ ಹೋಗುವವನ ಅಂಕಿಗಳನ್ನು ಓದಿದಷ್ಟೇ ಶ್ರದ್ಧೆಯಿಂದ ಒಳಗೆ ಬರುವವನವನ್ನೂ ಓದಬೇಡವೆ?

ಪೆಡ್ರೊನನ್ನೇ ಕೇಳಿದರಲ್ಲ, ಆ ವಿಷಯವೂ ನನ್ನ ಮನಸ್ಸನ್ನು ಬಿಡಲಿಲ್ಲ. ೧೯೪೧ರ ಸೆಪ್ಟೆಂಬರಿನ ಕಡೆಯಲ್ಲಿ ವಿಲಿಯಮ್ಸನ ಸರಾಸರಿ ೩೯೯.೫೫, ಲೆಕ್ಕಕ್ಕೆ ೪೦೦ ಎಂದೇ ಬರೆಯುವಂತಿತ್ತು. ಋತುವಿನ ಕಡೆಯ ದಿನ ಫಿಲಡೆಲ್ಫಿಯದಲ್ಲಿ ಎರಡು ಆಟ. ಬೇಕಾದರೆ ಬೆಂಚಿನಲ್ಲಿಯೇ ಕುಳಿತು ೪೦೦ನ್ನು ಉಳಿಸಿಕೊಳ್ಳಬಹುದೆಂದು ಮ್ಯಾನೇಜರ್ ಜೋ ಕ್ರೋನಿನ್ ನಿರ್ಧಾರವನ್ನು ಆತನಿಗೇ ಬಿಟ್ಟರು. ಇಪ್ಪತ್ತಮೂರು ವರ್ಷದ ಹುಡುಗ ಎರಡೂ ಆಟಗಳನ್ನು ಆಡಿ, ಎಂಟಕ್ಕೆ ಆರು ಹಿಟ್ಟು ಹೊಡೆದು, ೪೦೬ಕ್ಕೆ ಮುಟ್ಟಿಸಿದ. ಕ್ರೋನಿನ್ ಕೇಳಿದ್ದು ನ್ಯಾಯ. ಕಳೆದರೂ ಉಳಿದರೂ ಆ ಸಂಖ್ಯೆ ಹುಡುಗನದು. ಲಿಟಲ್ ಕೇಳಿದ್ದು ಇಡೀ ತಂಡದ, ಇಡೀ ಊರಿನ ಸ್ವತ್ತನ್ನು ಕುರಿತು. ಮಾನಧನನಾದ ಯಾವ ಪಿಚರ್ ತಾನೇ "ಇಲ್ಲ, ನನ್ನಿಂದಾಗದು" ಎಂದಾನು? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳಿ, ತನ್ನ ಹೊರೆಯನ್ನು ದಣಿದವನ ಹೆಗಲಿಗೆ ದಾಟಿಸಿದಂತಾಯಿತು.

ಅಂದಿನಿಂದ ಒಂದು ನಿಯಮವನ್ನಿಟ್ಟುಕೊಂಡಿದ್ದೇನೆ. ಆಟ ನೋಡುವಾಗ ಪಕ್ಕದಲ್ಲಿ ಒಂದು ನೋಟುಪುಸ್ತಕ. ಮ್ಯಾನೇಜರ್ ಬೆಂಚಿನಿಂದ ಎದ್ದ ಕೂಡಲೆ, ಆತ ದಿಬ್ಬವನ್ನು ತಲುಪುವುದಕ್ಕೆ ಮೊದಲೇ, "ತೆಗೆ" ಅಥವಾ "ಬಿಡು" ಎಂದು ಶಾಯಿಯಲ್ಲಿ ಬರೆಯುತ್ತೇನೆ. ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯುತ್ತೇನೆ. ಅಳಿಸುವಂತಿಲ್ಲ. ಅಳಿಯಂದಿರು ಕಳೆದ ಬಾರಿ ಊರಿಗೆ ಬಂದಾಗ ಆ ಪುಸ್ತಕವನ್ನು ನೋಡಬೇಕೆಂದು ಕೇಳಿದರು. ಅದರ ಹಿಂಬದಿಯಲ್ಲಿ ಅವರ ಅತ್ತೆ ಹಾಲಿನ ಲೆಕ್ಕ ಬರೆದಿದ್ದಾರೆಂದೂ, ಮನೆಯ ಲೆಕ್ಕವನ್ನು ಅಳಿಯಂದಿರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲವೆಂದೂ ಹೇಳಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.