ಗೋಲ್ ಯಾರ್ ಹೊಡದ್ರು ಅಂತ ಕೇಳೂದ ಮೊದಲ ಬಿಡ್ರಿ

ಈ ಸಲ ಲಿಂಬಿಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೇನಿ ಅಂತ ಹೋದ ವಾರ ಮಾತು ಕೊಟ್ಟಿದ್ದೆ. ಲಿಂಬಿಕಾಯಿ ಇನ್ನೂ ಉಪ್ಪಿನಾಗ ನೆನ್ಯಾಕತ್ತಾವು, ಅವು ಕಾಯತಾವು. ನನ್ನ ಸಿಟ್ಟು ಕಾಯಂಗಿಲ್ಲ. ಅಕ್ಕಾರು, ವೈನಿಗೋಳು ಸ್ವಲ್ಪ ತಡಕೋರಿ.

ಮೊನ್ನೆ ಐತವಾರ ಮನಿ ತುಂಬ ಮಂದಿ. ಜಮಖಂಡಿಯಿಂದ ನಾದಿನಿ ಬಂದಿದ್ಲು, ಮುಧೋಳದಿಂದ ದೊಡ್ಡತ್ತಿ ಬಂದಿದ್ರು. ಊಟ ಆತು. ಗಂಡಸರು ಪಡಸಾಲ್ಯಾಗ ಅಡ್ಡಾದ್ರು. ನಮ್ಮ ಮೈದುನ ಮೊಬೈಲ್‌ನಾಗ ಬೆಂಗಳೂರು ಎಫ್‌ಸಿದ ಹಳೆ ಆಟ ಹಚ್ಚಕೊಂಡು ಕೂತಿದ್ದ. ನೋಡಕೋಂತ ನೋಡಕೋಂತ ಅಂದ: "ಈ ತಂಡದಾಗ ಆಡಾವ ಅಂದ್ರ ಛೇತ್ರಿ ಒಬ್ಬನ. ನಡುವಿನಾವ್ರು ಬರೇ ಅತ್ತಿಂದಿತ್ತ ಓಡ್ಯಾಡಿ ಪಗಾರ ತಗೋತಾರ." ಗಂಡಸರು ನಕ್ಕರು. ಅವ್ರು ನಕ್ಕಿದ್ದು ನನಗ ಹತ್ತಲಿಲ್ಲ. ಒಳಗ ಭಾಂಡಿ ತಿಕ್ಕಾಕತ್ತಿದ್ದ ನಾವು ನಾಕು ಹೆಂಗಸರೂ ನಕ್ವಿ ನೋಡ್ರಿ, ಅದು ಹತ್ತಿತು. ನನ್ನ ಮ್ಯಾಲ ನನಗ ಸಿಟ್ಟು ಬಂತು.

ಯಾಕಂದ್ರ ನನಗ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ.

ನಿಮಗೆಲ್ಲಾ ತಿಳದದ್ದ ಐತಿ, 2014ರಿಂದ ಲಾಕ್‌ಡೌನ್ ತನಕ ನಾವು ಬೆಂಗಳೂರಾಗ ಇದ್ವಿ. ನಮ್ಮ ಬನಹಟ್ಟಿ ಮಂದಿಗೆ ಆಟ ಅಂದ್ರ ಕುಸ್ತಿ, ಕಬಡ್ಡಿ, ಹುಡುಗ್ಯಾರಿಗೆ ಖೋಖೋ. ಫುಟ್‌ಬಾಲ್ ನನಗ ಹತ್ತಿದ್ದು ಕಂಠೀರವ ಸ್ಟೇಡಿಯಮ್‌ನಾಗ. ಇವ್ರಿಗೆ ಹುಚ್ಚಿತ್ತು, ನಾನು ಬರೇ ಗಾಳಿಗೆ ಹೊರಗ ಬಂದಂಗ ಆಕ್ಕೈತಿ ಅಂತ ಹೋಗಾಕಿ. ಸಸ್ತಾ ತಿಕೀಟಿನ ಜಾಗ ಮ್ಯಾಲ ಇರತಿತ್ತು. ಆ ಮ್ಯಾಲಿನ ಜಾಗನ ನನ್ನ ಕಣ್ಣು ತೆರಸಿತು.

ಟಿವ್ಯಾಗ ಚೆಂಡು ಎಲ್ಲೆ ಹೋಕ್ಕೈತಿ, ಕ್ಯಾಮೆರಾ ಅಲ್ಲೆ ಹೋಕ್ಕೈತಿ. ಚೆಂಡು ಇಲ್ಲದಾವ ಟಿವ್ಯಾಗ ಇರೂದ ಇಲ್ಲ. ಮ್ಯಾಲ ಕೂತು ನೋಡಿದ್ರ ಪೂರಾ ಮೈದಾನ ಕಾಣತೈತಿ. ಹನ್ನೊಂದು ಮಂದ್ಯಾಗ ಒಬ್ಬ ಗೋಲ್ ಕಾಯಾವ, ಹಿಂದ ಮೂರ್ನಾಕು ಮಂದಿ ತಡಿಯಾವ್ರು, ಮುಂದ ಒಬ್ಬಿಬ್ಬರು ಹೊಡಿಯಾವ್ರು. ಉಳದಾವ್ರೆಲ್ಲಾ ನಡುವ. ಹಿಂದಿನಾವ್ರ ಕಡಿಂದ ಚೆಂಡು ಇಸಗೊಂಡು ಮುಂದಿನಾವ್ರಿಗೆ ಮುಟ್ಟಸೂದು, ಎದುರಿನಾವ್ರ ಕಾಲಾಗಿನ ಚೆಂಡು ಕಸಗೊಳ್ಳೂದು, ತಮ್ಮಾವ ಯಾರರ ಜಾಗ ಬಿಟ್ಟು ಮುಂದ ಓಡಿದ್ರ ಆ ಖಾಲಿ ಜಾಗ ತುಂಬೂದು. ಈ ಕಡೀದ್ದು ಟಿವ್ಯಾಗ ಕಾಣಂಗಿಲ್ಲ. ಅದನ್ನ ತೊಂಬತ್ತು ನಿಮಿಷ ಮಾಡಿದವನಿಗೆ ಯಾರೂ ಚಪ್ಪಾಳಿ ಹೊಡಿಯಂಗಿಲ್ಲ. ಒಂದ ಸಲ ಮಾಡೂದ ಮರತ್ರ ಮಾತ್ರ ಊರೆಲ್ಲಾ ಅವನ ಹೆಸರು ಹೇಳತೈತಿ.

ಈಗ ಮೈದುನನ ಮಾತಿಗೆ ಬರತೇನಿ. ಬರೇ ಓಡ್ಯಾಡತಾರ ಅಂತಲ್ಲಾ, ಲೆಕ್ಕ ತಗೀರಿ.

ಕ್ಲಬ್ ಹುಟ್ಟಿದ್ದು 2013ರ ಜುಲೈದಾಗ. ಮೊದಲನೇ ವರ್ಷನ ಐ-ಲೀಗ್ ಗೆದ್ದರು. ಆ ತಂಡದ ನಡುವಿನ್ಯಾಗ ಶಂಕರ್ ಸಂಪಂಗಿರಾಜ್ ಅಂತ ಬೆಂಗಳೂರಿನ ಹುಡುಗ ಇದ್ದ. ಆ ಗೆಲುವಿನ ಮಾತು ಬಂದ್ರ ಗೋಲ್ ಹೊಡದಾವ್ರ ಹೆಸರು ಬರತಾವು. ಶಂಕರನ ಹೆಸರು ನಮ್ಮ ಮನ್ಯಾಗ ಒಬ್ಬರೂ ಹೇಳಿದ್ದು ನಾ ಕೇಳಿಲ್ಲ.

ಆಮ್ಯಾಲೆ 2014ರಾಗ ಶಿಲಾಂಗಿನಿಂದ ಯೂಜಿನ್‌ಸನ್ ಲಿಂಗ್ಡೋ ಬಂದ. ಮಂದಿ ಗದ್ದಲದಾಗೂ ಗಡಿಬಿಡಿ ಮಾಡದಾವ. ಅವ ಕಾರ್ನರ್ ತಗೊಳ್ಳಾಕ ನಿಂತ್ರ ಮ್ಯಾಲಿನ ಸೀಟಿನಾವ್ರೆಲ್ಲಾ ಎದ್ದು ನಿಲ್ಲತಿದ್ವಿ. 2015ರಾಗ ದೇಶದ ವರ್ಷದ ಆಟಗಾರ ಅಂತ ಅವಗ ಪ್ರಶಸ್ತಿ ಬಂತು. 2016ರಾಗ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಮಲೇಶಿಯಾದ ಜೋಹೋರ್ ತಂಡ. ಹಿಂದಿನ ವರ್ಷದ ಕಪ್ ಅವ್ರ ಮನ್ಯಾಗ ಇತ್ತು. ಅಕ್ಟೋಬರ್ 19ಕ್ಕ ಕಂಠೀರವದಾಗ ನಾವು 3-1 ಗೆದ್ವಿ, ಛೇತ್ರಿ ಎರಡು ಹೊಡದ. ಆ ರಾತ್ರಿ ನಾನೂ ಗಂಟಲು ಹರಿಯೂ ಹಂಗ ಛೇತ್ರಿ ಛೇತ್ರಿ ಅಂತ ಒದರೇನಿ. ಅದಕ್ಕೂ ಮೂರು ವಾರ ಮೊದಲ ಜೋಹೋರ್‌ದಾಗ ಒಂದು ಗೋಲ್ ಹಿಂದ ಬಿದ್ದಾಗ ಸಮ ಮಾಡಿ 1-1 ತಂದಾವ ಲಿಂಗ್ಡೋ. ಅವಗ ಯಾರ್ ಒದರಿದ್ರು? ಭಾರತದ ಒಂದು ಕ್ಲಬ್ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದ ಮೊದಲು. ದೋಹಾದಾಗ ಇರಾಕಿನ ತಂಡಕ್ಕ 0-1 ಸೋತ್ವಿ, ಆ ಮಾತು ಬ್ಯಾರೆ.

2017ರಾಗ ಇಬ್ಬರು ಬಂದ್ರು. ಆಸ್ಟ್ರೇಲಿಯಾದ ಎರಿಕ್ ಪಾರ್ಟಲು, ಬಾಗಲಾ ದಾಟೂವಾಗ ತಲಿ ಬಗ್ಗಸಬೇಕು ಅಷ್ಟು ಎತ್ತರ. ಸ್ಪೇನಿನ ದಿಮಾಸ್ ದೆಲ್ಗಾದೊ, ಅವನ ಮುಂದ ಸಣ್ಣ ಆಳು. ಒಬ್ಬ ಗ್ವಾಡಿ ಹಂಗ ನಿಲ್ಲಾವ, ಇನ್ನೊಬ್ಬ ಚೆಂಡನ್ನ ಸೂಜ್ಯಾಗ ದಾರ ಪೋಣಸಿದಂಗ ಕಳಸಾವ. ನನ್ನ ಮಟ್ಟಿಗೆ ಈ ಕ್ಲಬ್ಬಿನಾಗ ದಿಮಾಸ್‌ಗಿಂತ ಚಲೋ ನಡುವಿನ ಆಟಗಾರ ಆಗಿಲ್ಲ. ಯಾರರ ಲಿಂಗ್ಡೋ ಅಂದ್ರ ಕೇಳತೇನಿ, ಛೇತ್ರಿ ಅಂದ್ರ ಕೇಳಂಗಿಲ್ಲ, ಅವ ನಡುವಿನಾವ ಅಲ್ಲ.

2019ರ ಮಾರ್ಚ್ 17, ಮುಂಬೈದಾಗ ಐಎಸ್‌ಎಲ್ ಫೈನಲ್, ಗೋವಾದ ಮ್ಯಾಲ. ತೊಂಬತ್ತು ನಿಮಿಷ ಮುಗದ್ರೂ ಗೋಲಿಲ್ಲ. ಹೆಚ್ಚಿನ ಆಟಾನೂ ಮುಗಿಯಾಕ ಬಂತು. 117ನೇ ನಿಮಿಷಕ್ಕ ಕಾರ್ನರ್ ಸಿಕ್ಕಿತು, ರಾಹುಲ್ ಭೇಕೆ ತಲೀಲೆ ಹೊಡದ, ಕಪ್ ನಮ್ಮದಾತು. ಇವತ್ತಿಗೂ ಮೈದುನನ ಎಬ್ಬಿಸಿ ಕೇಳ್ರಿ, ನಿದ್ದ್ಯಾಗೂ ಭೇಕೆ ಅಂತಾನ. ಆ ಕಾರ್ನರ್ ಹಾಕಿದ್ದು ದಿಮಾಸ್. ಅವಗ ಆಗ 36 ವರ್ಷ. ಸುಮಾರು ಎರಡು ತಾಸು ಓಡಿದ ಕಾಲಿಲೆ, ಎಲ್ಲೆ ಬೀಳಬೇಕೋ ಅಲ್ಲೇ ಬೀಳೂ ಹಂಗ ಹಾಕಿದ. ಇದಕ್ಕ ಬರೇ ಓಡ್ಯಾಡೂದು ಅಂತಾರೇನು?

ಅಸಿಸ್ಟ್ ಅಂತ ಬರದಿಡತಾರಲ್ಲಾ ಅಂತ ಮೈದುನ ಅಂದ. ಬರೀತಾರಪ್ಪ. ಕಡೀ ಪಾಸ್ ಬರೀತಾರ. ಅದರ ಹಿಂದಿನ ಪಾಸ್ ಯಾವ ವಹಿಯಾಗ ಐತಿ? ಆ ಪಾಸ್ ಹೋಗಾಕ ದಾರಿ ಬಿಡಲಿ ಅಂತ ಸುಮ್ಮನ ಬಲಕ್ಕ ಓಡಿ ಇಬ್ಬರನ್ನ ತನ್ನ ಹಿಂದ ಎಳಕೊಂಡು ಹೋದಾವನ ಹೆಸರು ಎಲ್ಲೆ ಐತಿ?

ಇನ್ನೊಂದು ಕೇಳ್ರಿ. 2025ರ ಏಪ್ರಿಲ್ 12, ಕೋಲ್ಕತ್ತಾದಾಗ ಫೈನಲ್, ಮೋಹನ್ ಬಾಗಾನ್ ಮ್ಯಾಲ. 1-2 ಸೋತ್ವಿ. ನಮ್ಮ ಲೆಕ್ಕಕ್ಕ ಬಂದ ಆ ಒಂದು ಗೋಲ್ ಯಾರದು ಗೊತ್ತೇನು? ಅವ್ರ ತಂಡದ ಆಟಗಾರನ ಕಾಲಿಗೇ ತಾಗಿ ಅವ್ರ ಗೋಲಿನಾಗ ಹೋತು. ಗೋಲ್ ಹೊಡದಾವ ಒಬ್ಬನ ಆಡಾವ ಅಂದ್ರ, ಆ ರಾತ್ರಿ ನಮ್ಮ ಹನ್ನೊಂದೂ ಮಂದಿ ಆಡೇ ಇಲ್ಲ ಅಂದಂಗ ಆತು! ಸುರೇಶ್ ಸಿಂಗ್ ವಾಂಗ್ಜಮ್, ನೊಗೆರಾ, ಪೆದ್ರೊ ಕಾಪೊ, ಇವ್ರು ವರ್ಷವಿಡೀ ಯಾಕ ದುಡದ್ರು ಮತ್ತ? ಸುರೇಶ್ ಮಣಿಪುರದ ಹುಡುಗ, ಹದಿನೇಳು ವರ್ಷದಾಗ ದೇಶದ ಸಲುವಾಗಿ ವಿಶ್ವಕಪ್ ಆಡ್ಯಾನ, 2019ರಿಂದ ನಮ್ಮ ಕ್ಲಬ್ಬಿನ್ಯಾಗ ಅದಾನ. ಕೋಚ್‌ಗಳು ಎಷ್ಟು ಮಂದಿ ಬಂದು ಹೋದ್ರು, ಅವ ಅಲ್ಲೇ ಇದ್ದ. ಹಿಂದ ಆಡು ಅಂದ್ರ ಹಿಂದ, ನಡುವ ಅಂದ್ರ ನಡುವ. ನಮ್ಮ ಮನಿ ಹುಡುಗರ ಅಂಗಿ ಬೆನ್ನಿಗೆ ಅವನ ಹೆಸರು ಒಂದೂ ಇಲ್ಲ.

ನಾ ಛೇತ್ರಿನ ತಗದಹಾಕಾಕತ್ತಿಲ್ಲ. ಆ ವರ್ಷ ನಲವತ್ತರ ವಯಸ್ಸಿನ್ಯಾಗ 14 ಗೋಲ್ ಹೊಡದಾವನ ಬಗ್ಗೆ ಹಗುರ ಮಾತಾಡಿದ್ರ ನಾಲಿಗಿ ಬಿದ್ದೋಗತೈತಿ. ದಿಮಾಸ್, ಪಾರ್ಟಲು ಅವ್ರ ಕಡೀ ವರ್ಷ ತಂಡ ಏಳನೇ ಜಾಗಕ್ಕ ಇಳದದ್ದೂ ಖರೆ. ನಡುವಿನಾವ್ರು ದೇವರಲ್ಲ, ವಯಸ್ಸು ಅವ್ರಿಗೂ ಆಕ್ಕೈತಿ. ನಾ ಹೇಳೂದು ಇಷ್ಟ: ಒಬ್ಬನ್ನ ಹೊಗಳಾಕ ಉಳದ ಹತ್ತು ಮಂದಿನ ಅಳಸಬ್ಯಾಡ್ರಿ.

ಈ ಚಾಳಿ ಇವತ್ತಿಂದಲ್ಲ. ಬೆಂಗಳೂರಿನವರ ಆದ ಕಾರ್ಲ್ಟನ್ ಚಾಪ್‌ಮನ್ ಭಾರತ ತಂಡದ ನಾಯಕರಾಗಿದ್ರು, ನಡುವಿನ ಆಟಗಾರರು. 2020ರ ಅಕ್ಟೋಬರ್‌ದಾಗ 49 ವರ್ಷಕ್ಕ ತೀರಕೊಂಡ್ರು. ಅವ್ರ ಮಾತು ತಗದ್ರ ಮಂದಿ ಮೊದಲ ಏನ್ ನೆನಸತಾರ? 1993ರಾಗ ಈಸ್ಟ್ ಬೆಂಗಾಲ್ ಸಲುವಾಗಿ ಇರಾಕಿನ ತಂಡದ ಮ್ಯಾಲ ಹೊಡದ ಮೂರು ಗೋಲು! ವರ್ಷಾನುಗಟ್ಲೆ ನಡುವ ನಿಂತು ಆಟ ಕಟ್ಟಿದವ್ರನ್ನೂ ನೆನಸಬೇಕಾದ್ರ ನಮಗ ಗೋಲ ಬೇಕು.

ಈಗ ನಮ್ಮ ಊರಿಗೆ ಬರತೇನಿ, ತಪ್ಪು ತಿಳೀಬ್ಯಾಡ್ರಿ.

ರಬಕವಿ-ಬನಹಟ್ಟ್ಯಾಗ ಮಗ್ಗದ ಸದ್ದು ಕೇಳಕೋಂತ ಬೆಳದಾವ್ರು ನಾವು. ಸೀರಿ ನೇದಾವ್ರು ಯಾರು ಅಂದ್ರ ಅಪ್ಪ ಅಂತೇವಿ. ಮಜೂರಿ ಸೀರಿ ಲೆಕ್ಕಕ್ಕ ಬರತಿತ್ತು, ಅಪ್ಪನ ಕೈಯಾಗ ಬರತಿತ್ತು. ನಮ್ಮವ್ವ ರಾಟಿ ಮುಂದ ಕೂತು ಕಂಡಕಿ ಸುತ್ತತಿದ್ಲು. ರೊಟ್ಟಿ ಬಡದು ಬಂದು ಸುತ್ತಾಕಿ, ನಮಗ ಉಣ್ಣಾಕ ನೀಡಿ ಬಂದು ಸುತ್ತಾಕಿ. ಕಂಡಕಿ ಖಾಲಿ ಆದ್ರ ಲಾಳಿ ಎಷ್ಟು ಓಡಿದ್ರೇನು, ಸೀರಿ ಒಂದು ಬೆರಳು ಮುಂದ ಹೋಗಂಗಿಲ್ಲ. ಆದ್ರ ಆ ಮಜೂರ್ಯಾಗ ಕಂಡಕಿದ್ದು ಇಷ್ಟು ಅಂತ ಯಾರೂ ಬ್ಯಾರೆ ಎಣಿಸಿ ಕೊಡಲಿಲ್ಲ. ಮನಿ ಮಂದಿ ಲೆಕ್ಕ ಬರಕೊಳ್ಳಾಕ ಬಂದಾವ್ರು "ನೀವೇನ್ ಮಾಡತೀರಿ ಅವ್ವಾರ" ಅಂತ ಕೇಳಿದ್ರ ಅವ್ವ ಅಂದ್ಲು: "ನಾ ಏನ್ ಮಾಡತೇನ್ರಿ, ಮನ್ಯಾಗ ಇರತೇನಿ." ಕೈಯಾಗ ದಾರ ಹಿಡಕೊಂಡ ಅಂದ್ಲು ನೋಡ್ರಿ. ನಾ ಬಾಜೂ ನಿಂತಿದ್ದೆ, ಸುಮ್ಮನಿದ್ದೆ.

ನಮ್ಮನ್ನ ಯಾರೂ ಎಣಸಲಿಲ್ಲ ಅಂತ ಗಂಡಸರ ಮ್ಯಾಲ ಹಾಕೂದು ಸಸಾರ. ನಾವರ ಎಣಸೇವೇನು?

ನನ್ನ ಮಗಳ ಕತಿ ಕೇಳ್ರಿ. ಒಂಬತ್ತನೇ ಕ್ಲಾಸಿನ್ಯಾಗ ಅದಾಳ, ಸಾಲಿ ತಂಡದಾಗ ನಡುವ ಆಡತಾಳ. ಹೋದ ವರ್ಷ ತಂಡ ಆರಸೂವಾಗ ಆರಸಾವ್ರು ಕೇಳಿದ್ದು ಒಂದ: "ಗೋಲ್ ಎಷ್ಟು ಹೊಡದೀವಾ?" ಒಂದೂ ಇಲ್ರಿ ಅಂದ್ಲು. ಹಿಂದ ನಿಲ್ಲಸಿದ್ರು. ಮುಖ ಸಣ್ಣದು ಮಾಡಕೊಂಡು ಮನಿಗೆ ಬಂದ್ಲು. ನಮ್ಮ ಹಿರ್ಯಾರು "ಹೋಗ್ಲಿ ಬಿಡು, ದೊಡ್ಡಾಕಿ ಆಗ್ಯಾಳ, ಇನ್ನ ಬಯಲಾಗ ಓಡೂದು ಸಾಕು" ಅಂದ್ರು. ನಾ ಅವ್ರಿಗೆಲ್ಲಾ ಉತ್ತರ ಕೊಡಾಕ ಸೆರಗು ಕಟ್ಟಿದೆ. ಆಗ ಮಗಳು ಅಂದ್ಲು: "ಅವ್ವಾ, ನೀನೂ ದಿನಾ ಅದನ್ನ ಕೇಳತಿ. ಆಡಿ ಬಂದಕೂಡ್ಲೆ, ಗೋಲ್ ಹೊಡದೇನು ಅಂತ."

ಖರೆ ಇತ್ತು. ಕಂಠೀರವದಾಗ ಮ್ಯಾಲ ಕೂತು ನೋಡಿದಾಕಿ, ಕಂಡಕಿ ಸುತ್ತಿದಾಕಿ ಮಗಳು, ನಾನೂ ಅದನ್ನ ಕೇಳತಿದ್ದೆ.

ಅವತ್ತಿನಿಂದ ಕೇಳೂದು ಬದಲ ಮಾಡೇನಿ. "ಎಷ್ಟು ಸಲ ಚೆಂಡು ಕಸಗೊಂಡಿ? ಯಾರಿಗೆ ಮುಟ್ಟಸಿದಿ?" ಅಂತ ಕೇಳತೇನಿ. ಮೊದಲ ಒಂದು ಮಾತಿನ್ಯಾಗ ಮುಗಸಾಕಿ, ಈಗ ರೊಟ್ಟಿ ಬಡಿಯೂ ತನಕ ಬಾಜೂ ಕೂತು ಹೇಳತಾಳ. ಹಿಟ್ಟಿನ ಮ್ಯಾಲ ಬೆರಳಿಲೆ ಗೆರಿ ಕೊರದು, ಯಾರು ಎಲ್ಲೆ ನಿಂತಿದ್ರು ಅಂತ ತೋರಸತಾಳ.

ನಿಮ್ಮನ್ನೂ ಇಷ್ಟ ಕೇಳತೇನಿ. ಮುಂದಿನ ಸಲ ಪಡಸಾಲ್ಯಾಗ ಗೋಲ್ ಅಂತ ಕೂಗೆದ್ದಾಗ, ಭಾಂಡಿ ಬಿಟ್ಟು ಹೊರಗ ಬರ್ರಿ. "ಪಾಸ್ ಯಾರ್ ಕೊಟ್ರು? ಅದಕ್ಕೂ ಮೊದಲ ಯಾರ್ ಕಸಗೊಂಡ್ರು?" ಅಂತ ಜೋರಾಗಿ ಕೇಳ್ರಿ. ಗಂಡಸರಿಗೆ ಉತ್ತರ ಬರಂಗಿಲ್ಲ. ತಿರುಗಿ ಹಿಂದಕ್ಕ ಹಾಕಿ ನೋಡಬೇಕಾಕ್ಕೈತಿ. ನೋಡಲಿ. ಗಣತ್ಯಾವ್ರು ಮನಿಗೆ ಬಂದು ಏನ್ ಮಾಡತೀರಿ ಅಂದ್ರ "ಮನ್ಯಾಗ ಇರತೇನಿ" ಅನಬ್ಯಾಡ್ರಿ. ಕಂಡಕಿ ಸುತ್ತತೇನಿ, ಎಮ್ಮಿ ಹಿಂಡತೇನಿ, ಕಬ್ಬಿನ ಹೊಲಕ್ಕ ಹೋಗತೇನಿ, ಏನ್ ಮಾಡತೀರಿ ಅದನ್ನ ಹೇಳ್ರಿ, ಬರಸ್ರಿ.

ತಾಲೂಕು ಆಟ ಬರೂ ತಿಂಗಳ ಅದಾವು. ಮಗಳು ಈ ಸಲಾನೂ ನಡುವನ ಆಡತೇನಿ ಅಂತ ಹಟ ಹಿಡದಾಳ. ನಾ ಮೈದಾನಕ್ಕ ಹೋಗತೇನಿ, ವಹಿ ಪೆನ್ನು ತಗೊಂಡು. ಆಕಿ ಕಸಗೊಂಡ ಚೆಂಡು, ಮುಟ್ಟಸಿದ ಚೆಂಡು ಎಲ್ಲಾ ಬರಕೊಂಡು, ಆರಸಾವ್ರ ಮುಂದ ಇಡತೇನಿ. ನನ್ನ ಜೋಡಿ ಯಾರ್ ಬರತೀರಿ ಹೇಳ್ರಿ. ನಾದಿನಿ ಬರತೇನಿ ಅಂದಾಳ. ಬುತ್ತಿ ನಾ ಕಟ್ಟತೇನಿ, ಉಪ್ಪಿನಕಾಯಿ ಅಷ್ಟೊತ್ತಿಗೆ ಮಾಗಿರತೈತಿ.