ಗಾಳ ಹಿಡಿದ ವಿಜ್ಞಾನಿ

ಮೀನಿಗೆ ಗಾಳ ಹಾಕುವವನೇ ಮೀನಿನ ಕುಲವನ್ನು ಕಾಯಬಲ್ಲನೆಂದರೆ ಅನೇಕರು ನಂಬಲಾರರು. ಅಮೆರಿಕದ ಮತ್ಸ್ಯವಿಜ್ಞಾನಿ ಡಾ. ರಾಬರ್ಟ್ ಬೆನ್ಕೆ (1929–2013) ಅವರ ಸಾಧನೆಯನ್ನು ಅವಲೋಕಿಸಿದವರಿಗೆ ಈ ಸಂಶಯ ಉಳಿಯದು. ಗಾಳದ ಹವ್ಯಾಸವನ್ನೂ ವಿಜ್ಞಾನವನ್ನೂ ಬೇರೆಬೇರೆಯೆಂದು ಎಣಿಸದೆ, ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ಅವರು ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ ಬಾಳನ್ನೇ ಮುಡುಪಾಗಿಟ್ಟರು.

ಮರಿ ಉತ್ಪಾದನಾ ಕೇಂದ್ರಗಳಿಂದ ಲಕ್ಷಗಟ್ಟಲೆ ಮರಿಗಳನ್ನು ತಂದು ಹೊಳೆಗೆ ಬಿಟ್ಟರೆ ಮೀನು ಉಳಿಯಿತೆಂಬ ಭಾವನೆ ಅಲ್ಲಿ ಬಹುಕಾಲ ಬೇರೂರಿತ್ತು. ಬೆನ್ಕೆಯವರು ಇದನ್ನೊಪ್ಪಲಿಲ್ಲ. ಸಾವಿರಾರು ವರ್ಷ ಒಂದೇ ಕಣಿವೆಯ ನೀರಿಗೆ ಒಗ್ಗಿ ಬೆಳೆದ ತಳಿ ಅಳಿದರೆ, ಬೇರೆ ತಳಿಯ ಮರಿಗಳನ್ನು ಎಷ್ಟು ಸುರಿದರೂ ಆ ನಷ್ಟ ತುಂಬದೆಂಬುದು ಅವರ ವಾದ. ಹುರುಪೆಗಳನ್ನು ಎಣಿಸಿ, ಮೈಮೇಲಿನ ಚುಕ್ಕೆಗಳನ್ನು ಹೋಲಿಸಿ ಅವರು ತಳಿಗಳನ್ನು ವಿಂಗಡಿಸಿದರು. ವಿದ್ವತ್ ಪ್ರಬಂಧಗಳಿಗಷ್ಟೇ ತೃಪ್ತರಾಗದೆ, 1983ರಿಂದ ‘ಟ್ರೌಟ್’ ಪತ್ರಿಕೆಯಲ್ಲಿ ಗಾಳದ ಹವ್ಯಾಸಿಗಳಿಗಾಗಿಯೇ ಅಂಕಣ ಬರೆದರು. ಇದು ಅವರ ದೊಡ್ಡ ಉಪಕಾರ. ಹೊಳೆಯ ಅಂಚಿನಲ್ಲಿ ದಿನಗಟ್ಟಲೆ ನಿಲ್ಲುವವನಿಗೆ ತಿಳಿಯದ ವಿಜ್ಞಾನದಿಂದ ಹೊಳೆಗೇನು ಲಾಭ?

ನೆವಾಡದ ಪಿರಮಿಡ್ ಸರೋವರದ ಉದಾಹರಣೆಯನ್ನೇ ನೋಡಬಹುದು. ಅಲ್ಲಿನ ಕಟ್‌ಥ್ರೋಟ್ ಟ್ರೌಟ್ ದೈತ್ಯಗಾತ್ರದ್ದು. 1925ರಲ್ಲಿ ಸಿಕ್ಕ ಒಂದು ಮೀನು 41 ಪೌಂಡ್ ತೂಗಿತ್ತು. 1905ರಲ್ಲಿ ಟ್ರಕೀ ನದಿಗೆ ಡರ್ಬಿ ಅಣೆಕಟ್ಟನ್ನು ಕಟ್ಟಿ ನೀರನ್ನು ಬೇಸಾಯಕ್ಕೆ ತಿರುಗಿಸಿದ್ದರಿಂದ, ಮೊಟ್ಟೆಯಿಡಲು ನದಿಯನ್ನೇರುವ ದಾರಿ ಕ್ರಮೇಣ ಮುಚ್ಚಿತು. 1940ರ ದಶಕದ ಹೊತ್ತಿಗೆ ಸರೋವರದಲ್ಲಿ ಆ ತಳಿ ನಿರ್ನಾಮವಾಯಿತು. ಆದರೆ 1970ರ ದಶಕದಲ್ಲಿ ಯೂಟಾ ಗಡಿಯ ಪೈಲಟ್ ಪೀಕ್ ಬೆಟ್ಟದ ಕಿರುತೊರೆಯೊಂದರಲ್ಲಿ ಸಿಕ್ಕ ಪುಟ್ಟ ಮೀನುಗಳು ಆ ದೈತ್ಯರ ಸಂತತಿಯೇ ಎಂದು ಬೆನ್ಕೆಯವರು ಗುರುತಿಸಿದರು. ಹಿಂದೆಂದೋ ಯಾರೋ ತಂದುಬಿಟ್ಟ ಮೀನುಗಳ ಪೀಳಿಗೆಯದು. ಮರಿ ಬಿಡುವುದನ್ನು ಟೀಕಿಸಿದವರಿಗೆ ಅಂಥ ಬಿಡುಗಡೆಯಿಂದಲೇ ಕಳೆದುಹೋದ ತಳಿ ದೊರೆತದ್ದು ವಿಚಿತ್ರವೇ ಸರಿ! 2006ರಲ್ಲಿ ಆ ಸಂತತಿಯನ್ನು ಸರೋವರಕ್ಕೆ ಮರಳಿ ಬಿಡಲಾಯಿತು. ಕೆಲವೇ ವರ್ಷಗಳಲ್ಲಿ 20 ಪೌಂಡ್ ಮೀರಿದ ಮೀನುಗಳು ಗಾಳಕ್ಕೆ ಸಿಕ್ಕವು. ಸಂಗ್ರಹಾಲಯದ ಹಳೆಯ ಮಾದರಿಗಳ ಡಿಎನ್‌ಎ ಪರೀಕ್ಷೆಯೂ ಅವರ ಮಾತನ್ನು ಸಮರ್ಥಿಸಿತು.

ಎಲ್ಲ ನಿರ್ಣಯಗಳೂ ಹೀಗೆ ನಿಲ್ಲಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಕೊಲೊರಾಡೊದ ಗ್ರೀನ್‌ಬ್ಯಾಕ್ ತಳಿಯೆಂದು ಅವರು ಹೆಸರಿಸಿ ದಶಕಗಳ ಕಾಲ ಪೋಷಿಸಲಾದ ಮೀನುಗಳಲ್ಲಿ ಬಹುಪಾಲು ಬೇರೆ ತಳಿಯವೆಂದು 2012ರ ತಳಿಶಾಸ್ತ್ರೀಯ ಅಧ್ಯಯನ ತೋರಿಸಿತು. ಇದರಿಂದ ಅವರ ಗೌರವಕ್ಕೆ ಕುಂದೆಂದು ಭಾವಿಸುವವರು ವಿಜ್ಞಾನದ ನಡೆಯನ್ನು ಅರಿಯದವರು. ತಳಿಯ ನಿಖರ ಗುರುತೇ ಸಂರಕ್ಷಣೆಯ ಮೊದಲ ಮೆಟ್ಟಿಲೆಂಬ ಅವರ ಪಟ್ಟಿಗೆ ಆ ಅಧ್ಯಯನ ಬಲವನ್ನೇ ಕೊಟ್ಟಿತು. ನಿಜವಾದ ಗ್ರೀನ್‌ಬ್ಯಾಕ್ ಬೇರ್ ಕ್ರೀಕ್ ಎಂಬ ಒಂದೇ ತೊರೆಯಲ್ಲಿ ಉಳಿದಿತ್ತು. ಅಲ್ಲಿನ ಮೀನುಗಳಿಂದ ಬೆಳೆಸಿದ ಮರಿಗಳನ್ನು ಹರ್ಮನ್ ಗಲ್ಚ್ ತೊರೆಗೆ ಬಿಡಲಾಗಿ, ಅವು ಸಹಜವಾಗಿ ವಂಶ ಬೆಳೆಸುತ್ತಿವೆಯೆಂದು 2022ರಲ್ಲಿ ಖಚಿತವಾಯಿತು.