ಹಾಲು ಡೇರಿಗೆ, ಬಾಟ್ಲಿ ಮಕ್ಕಳಿಗೆ

ಮೊನ್ನೆ ಗರುಡಾಚಾರ್‌ಪಾಳ್ಯದ ತಂಗಿ ಮನೆಗೆ ಹೋಗಿದ್ದೆ. ಹದಿನಾಲ್ಕು ವರ್ಷದ ಸೋದರಳಿಯನ ಮುಂಗೈಗೆ ಪ್ಲಾಸ್ಟರು. ಆಡುವಾಗ ಬಿದ್ದನಂತೆ. ‘ಇವ್ನು ಹಾಲು ಮುಟ್ಟಲ್ಲ ಅಣ್ಣಾ, ದಿನಾ ಆ ಕೋಲಾನೇ ಬೇಕು’ ಅಂದಳು ತಂಗಿ. 2023ರ ಮಾರ್ಚ್‌ನಲ್ಲಿ ಮೆಟ್ರೋ ರೈಲೂ ಬಂದ ಊರು ಅದು. ಪೇಟೆ ಮಕ್ಕಳ ಹಣೆಬರಹ ಅಂದುಕೊಂಡು ವಾಪಸು ಬಂದೆ.

ಬಂದು ನೋಡಿದರೆ ನಮ್ಮ ಮನೇಲೂ ಅದೇ ಕತೆ! ಬೆಳಗ್ಗೆ ಕರೆದ ಹಾಲೆಲ್ಲ ಕ್ಯಾನಿಗೆ. ಬಟವಾಡೆ ದಿನ ಅದೇ ದುಡ್ಡಲ್ಲಿ ಮಗಳಿಗೆ ಬಾಟ್ಲಿ.

ಒಂದು ಕೈ ಮುರಿದದ್ದಕ್ಕೆ ಬಾಟ್ಲಿಯೇ ಕಾರಣ ಎನ್ನಲಾಗದು. ಆದರೆ ಅಮೆರಿಕದಲ್ಲಿ 460 ಶಾಲಾ ಹುಡುಗಿಯರನ್ನು ವಿಚಾರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಚೆನ್ನಾಗಿ ಆಟ ಆಡುವ ಹುಡುಗಿಯರ ಪೈಕಿ ಕೋಲಾ ಕುಡಿಯುವವರಲ್ಲಿ ಮೂಳೆ ಮುರಿತ ಹೆಚ್ಚು ಕಂಡಿತ್ತು. ಕೋಲಾದ ಫಾಸ್ಫಾರಿಕ್ ಆಮ್ಲದ ಮೇಲೆ ಕೆಲವರು ದೂರು ಹೇಳುತ್ತಾರೆ. ನನಗೆ ಕಾಣುವ ದೊಡ್ಡ ನಷ್ಟ ಬೇರೆ: ಬಾಟ್ಲಿ ಬಂದು ಹಾಲಿನ ಜಾಗದಲ್ಲಿ ಕೂರುತ್ತದೆ.

ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರು. ಬರ ಬಂದಾಗ ತೆಗೆಯುತ್ತಿದ್ದರು. ಮೂಳೆಯೂ ಒಂದು ಹಗೇವೇ. ಸುಣ್ಣದ ಅಂಶ ಅದರಲ್ಲಿ ತುಂಬುವುದು ಬಹುಪಾಲು ಇಪ್ಪತ್ತು ವರ್ಷದೊಳಗೆ. ನಡುವಯಸ್ಸು ದಾಟಿದ ಮೇಲೆ ತೆಗೆಯುವುದೇ ಹೆಚ್ಚು. ಮುಟ್ಟು ನಿಂತ ಹೆಂಗಸರಲ್ಲಂತೂ ಬೇಗ ಖಾಲಿಯಾಗುತ್ತದೆ. ಹೆಣ್ಣುಮಕ್ಕಳಿಗೆ ಈಗಲೇ ಹಾಲು ತಪ್ಪಿಸಿದರೆ ಮುಂದೆ ತೆಗೆಯಲು ಏನಿರುತ್ತದೆ?

ಹಾಗಂತ ಇದು ದುಬಾರಿ ಟಾನಿಕ್ಕಿನ ಮಾತಲ್ಲ. 13ರಿಂದ 15 ವರ್ಷದವರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದ ಅಂಶ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಪಾಲಿಷ್ ಅಕ್ಕಿಯಲ್ಲಿ 10ರ ಆಸುಪಾಸು ಅಷ್ಟೆ. ಎರಡು ದೊಡ್ಡ ಲೋಟ ಹಾಲಿನಿಂದ 480ರಷ್ಟು. ಉಳಿದದ್ದಕ್ಕೆ ನುಗ್ಗೆಸೊಪ್ಪು, ಹುರುಳಿ, ಎಳ್ಳು ಇವೆ. ರಾಗಿಯನ್ನು ಮೊಳಕೆ ಕಟ್ಟಿ ಬೀಸಿದರೆ ಅದರ ಸುಣ್ಣ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಮಕ್ಕಳು ಒಂದಿಷ್ಟು ಬಿಸಿಲಲ್ಲೂ ಓಡಾಡಬೇಕು. ಬಿಸಿಲಿನಿಂದ ಸಿಗುವ ಡಿ ಜೀವಸತ್ವ ಇಲ್ಲದೆ ತಿಂದ ಸುಣ್ಣ ಮೈಗೆ ಸರಿಯಾಗಿ ಸೇರದು.

ಸರಕಾರ 2013ರಲ್ಲಿ ಕ್ಷೀರಭಾಗ್ಯ ತಂದು ಶಾಲಾ ಮಕ್ಕಳಿಗೆ ಹಾಲು ಕೊಡಲು ಶುರು ಮಾಡಿತು. 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಸೇರಿಸಿತು. ಹಾಲು ಕರೆಯುವವರು ನಾವು, ರಾಗಿ ಬೆಳೆಯುವವರೂ ನಾವು. ನಮ್ಮ ಮನೆ ಮಕ್ಕಳಿಗೆ ಕೊಡಲು ಸರಕಾರವೇ ಹೇಳಬೇಕೆ?

ಈಗ ನಮ್ಮಲ್ಲಿ ಕ್ಯಾನಿಗೆ ಸುರಿಯುವ ಮುಂಚೆ ಮಗಳ ಪಾಲು ಅರ್ಧ ಲೀಟರ್ ಎತ್ತಿಡುತ್ತೇವೆ. ಬಟವಾಡೆ ಕಮ್ಮಿಯಾಯ್ತು, ನಿಜ. ಬಾಟ್ಲಿಯ ಖರ್ಚು ನಿಂತದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ? ಅವಳಿಗೆ ಮುದ್ದೆ ಇನ್ನೂ ರುಚಿಸಿಲ್ಲ, ಬೆಲ್ಲ ಹಾಕಿದ ರಾಗಿಗಂಜಿ ಹಿಡಿಸಿದೆ. ನಿಮ್ಮಲ್ಲಿ ಹೇಗೆ? ಬರೆಯಿರಿ.